ಹಾರ್ಮೋನಿಕ್: ಮೈಕ್ ಬಟನ್ ಒತ್ತಿದ ತಕ್ಷಣ ಜಿಪಿಎಸ್ ಯಾಕೆ ಹೋಗುತ್ತೆ?

ಸೆಸ್ನಾ 172 ತರದ ಸಣ್ಣ ವಿಮಾನದಲ್ಲಿ ಯೋಕ್ (ವಿಮಾನದ ಸ್ಟೀರಿಂಗ್) ಮೇಲೆ ಕ್ಲಾಂಪ್ ಹಾಕಿ ಹ್ಯಾಂಡ್‌ಹೆಲ್ಡ್ ಜಿಪಿಎಸ್ ಕೂರಿಸ್ಕೊಂಡು ಹಾರೋರಿಗೆ ಒಂದು ವಿಚಿತ್ರ ಕಾಟ ಇರುತ್ತೆ, ಟವರ್ ಜೊತೆ ಮಾತಾಡೋಕೆ ಪಿಟಿಟಿ, ಅಂದ್ರೆ ಮೈಕ್ ಬಟನ್ ಒತ್ತಿದ್ರೆ ಸ್ಯಾಟಲೈಟ್ ಬಾರ್‌ಗಳೆಲ್ಲಾ ದಡಬಡ ಇಳಿದು ಪೊಸಿಷನ್ನೇ ಹೋಗ್ಬಿಡುತ್ತೆ, ಬಟನ್ ಬಿಟ್ಟು ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತೆ. ಜಿಪಿಎಸ್ ಕೆಟ್ಟಿದೆ ಅಂತ ಅದನ್ನ ಬೈಯೋರೇ ಜಾಸ್ತಿ. ಆದ್ರೆ ಎಷ್ಟೋ ಸಲ ಕಾರಣ ಹಾರ್ಮೋನಿಕ್.

ಏನಿದು? ತಂಬೂರಿ ತಂತಿ ಮೀಟಿದ್ರೆ ಮೂಲ ಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟಿನ ಸ್ವರಗಳೂ ಸಣ್ಣಗೆ ಕೇಳುತ್ತಲ್ವಾ, ಟ್ರಾನ್ಸ್‌ಮಿಟರ್ ಕೂಡ ಹಾಗೇ ತನ್ನ ಫ್ರೀಕ್ವೆನ್ಸಿಯ ಪೂರ್ಣ ಪಟ್ಟುಗಳಲ್ಲಿ ಚೂರುಪಾರು ಸೋರುತ್ತೆ, ಆ ಪಟ್ಟುಗಳೇ ಹಾರ್ಮೋನಿಕ್.

ಈಗ ಲೆಕ್ಕ ನೋಡಿ. ಜಿಪಿಎಸ್‌ನ ಮುಖ್ಯ ಸಿಗ್ನಲ್ ಎಲ್1 ಇರೋದು 1575.42 ಮೆಗಾಹರ್ಟ್ಸ್‌ನಲ್ಲಿ. ವಿಮಾನದ ರೇಡಿಯೋ 118ರಿಂದ 137ರ ಒಳಗೆ. 121.175ನ 13ರಿಂದ ಗುಣಿಸಿದ್ರೆ 1575.275, 131.275ನ 12ರಿಂದ ಗುಣಿಸಿದ್ರೆ 1575.3, ಎರಡೂ ಜಿಪಿಎಸ್ ಮೇಲೇ ಬಂದು ಕೂರುತ್ವೆ. ಅದಕ್ಕೇ 121.150, 121.175, 121.200, ಆಮೇಲೆ 131.250, 131.275, 131.300 ಇವು ಜಿಪಿಎಸ್ ಟೆಸ್ಟಿಗೆ ಕಾಯಂ ಫ್ರೀಕ್ವೆನ್ಸಿಗಳು.

ಇಷ್ಟು ಸೋರಿಕೆಗೇ ಜಿಪಿಎಸ್ ಸೋಲುತ್ತಾ ಅಂದ್ರೆ, ಪಾಪ ಅದರ ಸಿಗ್ನಲ್ 20,200 ಕಿಲೋಮೀಟರ್ ಎತ್ತರದಿಂದ ಬರ್ಬೇಕು, ನಮ್ಮ ಆಂಟೆನಾಗೆ ಸಿಗೋದು ಒಂದು ವಾಟನ್ನ ಹತ್ತು ಸಾವಿರ ಲಕ್ಷ ಕೋಟಿ ಪಾಲು ಮಾಡಿದ್ರೆ ಅದ್ರಲ್ಲಿ ಒಂದು ಪಾಲಿನಷ್ಟು. 10 ವಾಟ್ ರೇಡಿಯೋದಿಂದ ಸಾವಿರ ಕೋಟಿಯಲ್ಲಿ ಒಂದು ಪಾಲು ಸೋರಿದ್ರೂ ಹೊರಡೋ ಜಾಗದಲ್ಲಿ ಅದು ಕೋಟಿ ಪಟ್ಟು ಜೋರು, ಮೇಲಾಗಿ ಹ್ಯಾಂಡ್‌ಹೆಲ್ಡ್ ಇರೋದು ಕ್ಯಾಬಿನ್ ಒಳಗೆ, ರೇಡಿಯೋ ಪಕ್ಕದಲ್ಲೇ.

ಇನ್ನೊಬ್ಬ ಕಳ್ಳ ಇಎಲ್‌ಟಿ, ಅಂದ್ರೆ ವಿಮಾನ ಬಿದ್ರೆ ತಾನೇ ಸಿಗ್ನಲ್ ಕೊಡೋ ಡಬ್ಬಿ. ಅದು ಆಫ್ ಇದ್ರೂ ಅದರ ಆಂಟೆನಾ ನಿಮ್ಮ ರೇಡಿಯೋ ಸಿಗ್ನಲ್ಲನ್ನ ಹಿಡ್ಕೊಳ್ಳುತ್ತೆ, ಒಳಗಿನ ಟ್ರಾನ್ಸಿಸ್ಟರಲ್ಲಿ ಹಾರ್ಮೋನಿಕ್ ಹುಟ್ಟಿ ಅದೇ ಆಂಟೆನಾದಿಂದ ಆಚೆ ಬರುತ್ತೆ. ರೇಡಿಯೋ ಬದಲಾಯಿಸಿದ್ರೂ ಕಾಟ ಹೋಗದೇ ಇದ್ರೆ ನಂಗೆ ಮೊದಲು ಅನುಮಾನ ಬರೋದು ಇದರ ಮೇಲೇ.

ಕಂಡುಹಿಡಿಯೋದು ಸುಲಭ. ವಿಮಾನವನ್ನ ಬಯಲಲ್ಲಿ ನಿಲ್ಲಿಸಿ, ಜಿಪಿಎಸ್‌ನಲ್ಲಿ ಸ್ಯಾಟಲೈಟ್ ಪೇಜ್ ತೆಗೆದಿಟ್ಟು, ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಯಾರೂ ಮಾತಾಡ್ತಿಲ್ಲ ಅಂತ ಕೇಳಿಸ್ಕೊಂಡು, ಅಲ್ಲಿ ಬಳಕೆಯಲ್ಲಿದ್ರೆ ಅನುಮತಿ ಕೇಳಿ, ಒಂದೊಂದ್ರಲ್ಲೂ ಸ್ವಲ್ಪ ಹೊತ್ತು ಬಟನ್ ಒತ್ತಿ ಬಾರ್ ನೋಡಿ. 121.5 ಎಮರ್ಜೆನ್ಸಿ, ಅದನ್ನ ದಯವಿಟ್ಟು ಮುಟ್ಬೇಡಿ. ಬಾರ್ ಬಿದ್ರೆ ಮೆಕ್ಯಾನಿಕ್ ಹತ್ರ ಇಎಲ್‌ಟಿ ಆಂಟೆನಾ ಕೇಬಲ್ ಬಿಚ್ಚಿಸಿ ಮತ್ತೆ ಒತ್ತಿ. ಈಗ ಬೀಳ್ಲಿಲ್ಲ ಅಂದ್ರೆ ಕಳ್ಳ ಸಿಕ್ಕ, ಆ ಕೇಬಲ್‌ಗೇ 1575.42 ತಡೆಯೋ ನಾಚ್ ಫಿಲ್ಟರ್ ಹಾಕಿಸಿ, ಇನ್ನೂ ಬೀಳ್ತಿದ್ರೆ ಫಿಲ್ಟರ್ ರೇಡಿಯೋ ಕೇಬಲ್‌ಗೆ. ಬಿಚ್ಚಿದ ಇಎಲ್‌ಟಿ ಕೇಬಲ್ ವಾಪಸ್ ಹಾಕಿದಾರಾ ಅಂತ ಹಾರೋ ಮುಂಚೆ ನೀವೇ ಕಣ್ಣಾರೆ ನೋಡಿ.