ಹುಲಿಗಿಯ ಪ್ರಸಾದ, ಹಳೆಯ ತಕರಾರು

ಹುಲಿಗೆಮ್ಮನ ಜಾತ್ರೆಗೆ ಹೋಗಿ ಬಂದ ಪಕ್ಕದ ಮನೆಯವರು ಪ್ರಸಾದ ಹಿಡಿದು ಬಾಗಿಲಿಗೆ ಬರುತ್ತಾರೆ. ಕೊಪ್ಪಳ ಕಡೆಯ ಕ್ರೈಸ್ತರ ಮನೆಗಳಲ್ಲಿ ಇದಕ್ಕೆ ಒಂದೇ ಉತ್ತರ ಇಲ್ಲ. ಕೆಲವರು ಇಸಿದುಕೊಂಡು ತಿನ್ನುತ್ತಾರೆ. ಕೆಲವರು ‘ನಾವು ತಗೊಳ್ಳಲ್ರಿ ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ’ ಎನ್ನುತ್ತಾರೆ. ಸುಮ್ನೆ ಇಸಿದುಕೊಂಡು ಆಮೇಲೆ ಆಕಳಿಗೆ ಹಾಕುವವರೂ ಇದ್ದಾರೆ.

ಈ ತಕರಾರು ಇಲ್ಲಿ ಹುಟ್ಟಿದ್ದಲ್ಲ. ಕ್ರಿ.ಶ. 55ರ ಸುಮಾರಿಗೆ ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರು, ಯೇಸುವಿನ ಮಾತು ಸಾರುತ್ತ ತಿರುಗುತ್ತಿದ್ದ ಪೌಲನ ಮುಂದೆ ಇಟ್ಟದ್ದೂ ಇದನ್ನೇ: ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದಾ? ಪೌಲನ ಉತ್ತರ ಜಾಣತನದ್ದು. ಪೇಟೆಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಿ. ಯಾರಾದರೂ ‘ಇದು ದೇವರಿಗೆ ಇಟ್ಟದ್ದು’ ಎಂದರೆ, ಹಾಗೆ ಹೇಳಿದವನ ಮನಸ್ಸಿನ ಸಲುವಾಗಿ ಬಿಡಿ. ಪೂಜೆಯಲ್ಲಿ ಮಾತ್ರ ಪಾಲು ಬೇಡ. ಅದೇ ಪೌಲ ರೋಮಿನವರಿಗೆ, ಈ ಲೋಕದ ನಡವಳಿಕೆಯಂತೆ ನಡೆಯಬೇಡಿ ಎಂದೂ ಬರೆದ. ‘ಲೋಕ’ ಅಂದರೆ ಯಾವುದೆಲ್ಲ? ಜಗಳ ಶುರುವಾಗುವುದೇ ಅಲ್ಲಿ.

ಮೊದಮೊದಲು ಗೆರೆ ಸ್ಪಷ್ಟವಿತ್ತು. 112ರ ಸುಮಾರಿಗೆ, ಈಗಿನ ಟರ್ಕಿಯಲ್ಲಿ ಅಧಿಕಾರದಲ್ಲಿದ್ದ ರೋಮನ್ ರಾಜ್ಯಪಾಲ ಪ್ಲಿನಿ, ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕಿದವರನ್ನು ಬಿಟ್ಟ. ಕ್ರೈಸ್ತರೇ ಎಂದು ಪಟ್ಟು ಹಿಡಿದವರನ್ನು ಕೊಲ್ಲಿಸಿದ. 313ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತ ಧರ್ಮಕ್ಕೆ ಮಾನ್ಯತೆ ಕೊಟ್ಟ ಮೇಲೆ ಲೋಕವೇ ಚರ್ಚಿನೊಳಗೆ ಬಂತು. ಬೇಸತ್ತು ಈಜಿಪ್ಟಿನ ಮರಳುಗಾಡು ಸೇರುವವರು ಜಾಸ್ತಿಯಾದರು.

ನಮ್ಮ ದಕ್ಷಿಣದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1606ರಲ್ಲಿ ಮಧುರೆಗೆ ಬಂದ ಇಟಲಿಯ ಪಾದ್ರಿ ರಾಬರ್ಟೊ ದೆ ನೊಬಿಲಿ ಕಾವಿ ಉಟ್ಟ, ಮಾಂಸ ಬಿಟ್ಟ. ಜುಟ್ಟು, ಜನಿವಾರ, ಗಂಧ ಇರಲಿ, ಅದು ಧರ್ಮವಲ್ಲ, ರೂಢಿ ಎಂದ. 1623ರಲ್ಲಿ ಪೋಪ್ ಕೂಡ ಹೂಂ ಅಂದರು. ಆದರೆ ಜುಟ್ಟಿನ ಜೊತೆ ಜಾತಿಯೂ ಒಳಗೆ ಬಂತು. ಮೇಲಿನವರಿಗೆ ಒಬ್ಬ ಪಾದ್ರಿ, ಕೆಳಗಿನವರಿಗೆ ಇನ್ನೊಬ್ಬ.

ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು. ಕನ್ನಡ ಕಲಿತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಇಲ್ಲಿಯ ಮಾತು ಬೇಕು, ಇಲ್ಲಿಯ ಜಾತ್ರೆ ಬೇಡ: ಮಿಷನ್ನಿನವರ ಲೆಕ್ಕ ಹೆಚ್ಚುಕಮ್ಮಿ ಇಷ್ಟೇ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಿಗೆ ಜಾತಿಯನ್ನೂ ಬಿಡಿ ಎಂದು ಕಟ್ಟಪ್ಪಣೆ ಮಾಡಿದರು. ತಂಜಾವೂರಿನ ಕಡೆ ಎಷ್ಟೋ ಜನ ಜಾತಿ ಬಿಡಲಿಲ್ಲ, ಚರ್ಚನ್ನೇ ಬಿಟ್ಟರು! ನನ್ನ ಕಣ್ಣಿಗೆ ಈ ಇಡೀ ಇತಿಹಾಸದ ಗಂಟು ಇರುವುದು ಇಲ್ಲೇ.

ಮುಂದೆ ಗಾಳಿ ತಿರುಗಿತು. 1969ರಲ್ಲಿ ಭಾರತದ ಕ್ಯಾಥೊಲಿಕ್ ಚರ್ಚಿನ ಪೂಜೆಗೆ ಆರತಿ, ಕೈಮುಗಿಯುವುದು, ನೆಲದ ಮೇಲೆ ಕೂರುವುದು ಸೇರಿ 12 ಬದಲಾವಣೆಗಳಿಗೆ ಒಪ್ಪಿಗೆ ಸಿಕ್ಕಿತು. ‘ಇದೇನು, ಗುಡಿ ಮಾಡ್ತೀರಾ?’ ಎಂದು ಗೊಣಗಿದವರು ಚರ್ಚಿನವರೇ.

ಸರ್ಕಾರದ ಕಾಗದವೂ ಒಂದು ಗೆರೆ ಎಳೆದಿದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಾತ್ರ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಹೊರಗೇ ಉಳಿದರು. ದೇವರು ಬದಲಾದರೂ ಕೇರಿ ಬದಲಾಗಿಲ್ಲ ಅಲ್ವಾ? ಹಾಗಾಗಿ ಭಾನುವಾರ ಒಂದು ಹೆಸರು, ಕಚೇರಿಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡವರೂ ಇದ್ದಾರೆ.

ಮದುವೆ ಮಾತುಕತೆಗೆ ಕೂತಾಗ ಹುಡುಗಿ ಕುಂಕುಮ ಇಡುತ್ತಾಳಾ ಎಂದು ಪಡಸಾಲೆಯಲ್ಲಿ ಎಲ್ಲರೆದುರೇ ಕೇಳುತ್ತಾರೆ. ಯಾವ ಜಾತಿಯಿಂದ ಬಂದವರು, ಎಷ್ಟು ತೊಲೆ ಬಂಗಾರ ಎಂಬ ಮಾತು ಒಳಕೋಣೆಯಲ್ಲಿ, ಮೆಲ್ಲಗೆ ನಡೆಯುತ್ತದೆ.