ಟ್ಯುಟೋರಿಯಲ್‌ನ ಅಂಕಿ ನಿಮ್ಮ ಕಿಕ್‌ಗೆ ಯಾಕೆ ಒಗ್ಗುವುದಿಲ್ಲ

ಹಾಡಿನ ಮಿಕ್ಸಿಂಗ್ ಕಲಿಸುವ ವಿಡಿಯೋದಲ್ಲಿ ಥ್ರೆಶೋಲ್ಡ್ (ದನಿ ತಗ್ಗಿಸಲು ಶುರುವಾಗುವ ಮಟ್ಟ) ಮೈನಸ್ 18 ಡಿಬಿ, ರೇಶಿಯೋ (ಅದನ್ನು ದಾಟಿದ್ದನ್ನು ತಗ್ಗಿಸುವ ಅನುಪಾತ) 4:1. ಕಲಿಯುವವರು ವಿಡಿಯೋ ನಿಲ್ಲಿಸಿ ತಮ್ಮ ಕಂಪ್ರೆಸರ್‌ನಲ್ಲೂ (ಜೋರು ದನಿಯನ್ನು ಅದುಮುವ ಸಾಧನ) ಅದನ್ನೇ ಹಾಕುತ್ತಾರೆ. ಅಲ್ಲಿ ಕಿಕ್, ಅಂದರೆ ಡ್ರಮ್‌ನ ದಪ್ಪ ಹೊಡೆತ, ಎದೆಗೆ ಬಡಿಯಿತು, ಇಲ್ಲಿ ಏನೂ ಬದಲಾಗಲಿಲ್ಲ.

ಕಾರಣ ಬರೀ ಕೂಡು-ಕಳೆ. ಅಟ್ಯಾಕ್ (ಅದುಮಲು ಹಿಡಿಯುವ ಸಮಯ), ರಿಲೀಸ್ (ಬಿಡಲು ಹಿಡಿಯುವ ಸಮಯ) ಪಕ್ಕಕ್ಕಿಟ್ಟು ನೋಡಿ. ಅವರ ಕಿಕ್‌ನ ಪೀಕ್ ಮೈನಸ್ 6 ಡಿಬಿಯಲ್ಲಿದ್ದರೆ ಅದು ಥ್ರೆಶೋಲ್ಡ್‌ಗಿಂತ 12 ಡಿಬಿ ಮೇಲಿದೆ. 4:1ರಲ್ಲಿ ಆ 12ರಲ್ಲಿ 3 ಉಳಿದು 9 ಡಿಬಿ ತಗ್ಗುತ್ತದೆ. ನಿಮ್ಮ ಕಿಕ್ ಮೈನಸ್ 14ರಲ್ಲಿದ್ದರೆ ಥ್ರೆಶೋಲ್ಡ್ ದಾಟುವುದು 4 ಡಿಬಿ ಮಾತ್ರ, ತಗ್ಗುವುದು 3. ಮೈನಸ್ 20ರಲ್ಲಿದ್ದರಂತೂ ಕಂಪ್ರೆಸರ್ ಏಳುವುದೇ ಇಲ್ಲ. ಹಾಗಾಗಿ ವಿಡಿಯೋದಲ್ಲಿ ನೋಡಬೇಕಾದ್ದು ಥ್ರೆಶೋಲ್ಡ್ ನಾಬ್ ಅಲ್ಲ, ಎಷ್ಟು ಡಿಬಿ ತಗ್ಗಿತೆಂದು ತೋರಿಸುವ ಗೇನ್ ರಿಡಕ್ಷನ್ ಮೀಟರ್. ಮುಳ್ಳು ಎಷ್ಟು ಕುಣಿಯಿತು, ಮುಂದಿನ ಬೀಟ್‌ಗೆ ಮುಂಚೆ ಸೊನ್ನೆಗೆ ಮರಳಿತೇ ಅಂತ ಗಮನಿಸಿ, ನಿಮ್ಮಲ್ಲೂ ಅಷ್ಟೇ ಕುಣಿಯುವವರೆಗೆ ಥ್ರೆಶೋಲ್ಡ್ ಇಳಿಸಿ.

ಇಕ್ಯೂ (ಒಂದೊಂದು ಕಂಪನಾಂಕವನ್ನು ಏರಿಳಿಸುವ ಸಾಧನ) ಕಥೆಯೂ ಇದೇ. ‘250 ಹರ್ಟ್ಜ್‌ನಲ್ಲಿ 3 ಡಿಬಿ ತೆಗೆಯಿರಿ’ ಎಂದವರ ಸ್ಯಾಂಪಲ್‌ನಲ್ಲಿ ಅಲ್ಲಿ ಗುಂಯ್‌ಗುಡುವಿಕೆ ಇತ್ತು, ತೆಗೆದರು. ನಿಮ್ಮದರಲ್ಲಿ ಅದು ಇಲ್ಲದಿದ್ದರೆ ನೀವು ತೆಗೆಯುವುದು ಕಿಕ್‌ನ ಮೈಯನ್ನೇ. ದುಡ್ಡು ಕೊಟ್ಟು ತಂದ ಸ್ಯಾಂಪಲ್ ಪ್ಯಾಕ್‌ನ ಕಿಕ್ ಬಹುಪಾಲು ಆಗಲೇ ತಿದ್ದಿ ತೀಡಿದ್ದು. ಅದಕ್ಕೆ ಏನೂ ಮಾಡದಿರುವುದೇ ಎಷ್ಟೋ ಸಲ ಸರಿ. ಆದರೆ ಏನೂ ಮಾಡದ ವಿಡಿಯೋವನ್ನು ಯಾರು ನೋಡುತ್ತಾರೆ?

ಒಂದು ಉದಾಹರಣೆ ಹಿಡಿದು ಕೂರೋಣ. ಹೌಸ್ ಟ್ರ್ಯಾಕ್, 124 ಬಿಪಿಎಂ (ನಿಮಿಷಕ್ಕೆ 124 ಬೀಟ್), ಎಫ್ ಮೈನರ್, ಕಿಕ್ ಮತ್ತು ಸಿಂತ್ ಬೇಸ್. ಮೊದಲು ಎಲ್ಲ ದನಿಗಳೂ ಬಂದು ಸೇರುವ ಮಾಸ್ಟರ್ ಚಾನಲ್ ಬರಿದು ಮಾಡಿ. ಎಫ್‌ಎಲ್ ಸ್ಟುಡಿಯೋ ತಂತ್ರಾಂಶದ ಕೆಲವು ಟೆಂಪ್ಲೇಟ್‌ಗಳಲ್ಲಿ ಮಾಸ್ಟರ್ ಮೇಲೆ ಲಿಮಿಟರ್ (ದನಿ ಮಿತಿ ದಾಟದಂತೆ ತಡೆಯುವ ಸಾಧನ) ಮೊದಲೇ ಕೂತಿರುತ್ತದೆ. ಅದು ಇದ್ದರೆ ಎಷ್ಟು ಜೋರು ಮಾಡಿದರೂ ಮೀಟರ್ ಕೆಂಪಾಗದು, ಕಿಕ್ ಮಾತ್ರ ಚಪ್ಪಟೆಯಾಗುತ್ತಾ ಹೋಗುತ್ತದೆ. ಕಿಕ್‌ನ ಪೀಕ್ ಮೈನಸ್ 10 ಡಿಬಿಗೆ ನಿಲ್ಲಿಸಿ. ಬೇಸ್ ಫೇಡರ್ ಪೂರ್ತಿ ಇಳಿಸಿ, ನಿಧಾನಕ್ಕೆ ಏರಿಸುತ್ತಾ ಬನ್ನಿ. ಕಿಕ್ ಮಂಕಾಗತೊಡಗಿದ ಜಾಗದಿಂದ ಒಂದೆರಡು ಡಿಬಿ ಹಿಂದಕ್ಕೆ ಬನ್ನಿ.

ಆಮೇಲೆ ಶ್ರುತಿ. ಬೇಸ್‌ನ ಕೆಳಗಿನ ಎಫ್ ಅಂದರೆ 43.65 ಹರ್ಟ್ಜ್. ಕಿಕ್‌ನ ಬಾಲ (ಹೊಡೆತದ ಹಿಂದೆ ಉಳಿಯುವ ಗುಂಗು) 50 ಹರ್ಟ್ಜ್‌ನಲ್ಲಿ ನಿಂತರೆ ಎರಡೂ ಸೇರಿದಲ್ಲಿ ಸೆಕೆಂಡಿಗೆ ಆರು ಸಲ ಅಲೆ ಏಳುತ್ತದೆ. ತಂಬೂರಿ ಶ್ರುತಿ ಮಾಡುವಾಗ ಎರಡು ತಂತಿ ಕೂಡದಿದ್ದರೆ ಕೇಳುವ ಅದೇ ‘ವವ್ವವ್’. ವೋಕ್ಸೆಂಗೋ ಸ್ಪ್ಯಾನ್ ಎಂಬ ಉಚಿತ ಅನಲೈಸರ್ ಹಾಕಿದರೆ ಕಿಕ್‌ನ ಗುಡ್ಡೆ ಎಲ್ಲಿದೆ ಎಂದು ಕಾಣುತ್ತದೆ. ಸ್ಯಾಂಪ್ಲರ್‌ನಲ್ಲಿ ಒಂದೆರಡು ಸೆಮಿಟೋನ್ ಇಳಿಸಿ ಎಫ್‌ಗೆ ತನ್ನಿ, ಇಲ್ಲವೇ ಬಾಲವನ್ನು ಮೊಟಕು ಮಾಡಿ. ಮೂರಕ್ಕಿಂತ ಹೆಚ್ಚು ಸೆಮಿಟೋನ್ ಎಳೆಯಬೇಕಾದರೆ ಬೇರೆ ಕಿಕ್ ಹುಡುಕುವುದೇ ವಾಸಿ. ಎಳೆದಷ್ಟೂ ಅದರ ಹೊಡೆತ ಸಡಿಲವಾಗುತ್ತದೆ.

ವಿಡಿಯೋಗಳು ಸಾಮಾನ್ಯವಾಗಿ ಬಿಟ್ಟುಬಿಡುವ ವಿಷಯ ಮುಂದಿನದು. 50 ಹರ್ಟ್ಜ್ ಅಲೆಯ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಕಿಕ್ ಮತ್ತು ಬೇಸ್ 10 ಮಿಲಿಸೆಕೆಂಡ್ ಆಚೀಚೆಯಾದರೆ ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿದು ಎರಡೂ ಪರಸ್ಪರ ನುಂಗಿಕೊಳ್ಳುತ್ತವೆ. ಎರಡೂ ಚಾನಲ್‌ನ ಮೀಟರ್ ತುಂಬಾ ಸದ್ದಿದ್ದರೂ ಹೊಟ್ಟೆಗೆ ತಾಗುವುದಿಲ್ಲ. ಏಬಲ್ಟನ್ ಲೈವ್ ತಂತ್ರಾಂಶದ ಯುಟಿಲಿಟಿಯಲ್ಲಿ ಬೇಸ್‌ನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಬಟನ್‌ಗಳೆರಡನ್ನೂ ಒತ್ತಿ ಕೇಳಿ. ಯಾವ ಕಡೆ ದಪ್ಪ ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ. ಒಂದು ಬೀಟ್‌ನಲ್ಲಿ ದಪ್ಪ, ಮುಂದಿನದರಲ್ಲಿ ತೆಳು ಎಂದಾದರೆ ತಪ್ಪು ಸಿಂತ್‌ನ ಒಳಗಿದೆ. ಸೀರಮ್ ಎಂಬ ಸಿಂತ್‌ನಲ್ಲಿ ಆಸಿಲೇಟರ್‌ನ (ಅಲೆ ಹುಟ್ಟಿಸುವ ಭಾಗ) ‘ರ್‍ಯಾಂಡ್’ ನಾಬ್ ಶುರುವಿನಲ್ಲೇ 100ರಲ್ಲಿರುತ್ತದೆ. ಅಂದರೆ ಪ್ರತಿ ಸ್ವರವೂ ಅಲೆಯ ಬೇರೆ ಬೇರೆ ಬಿಂದುವಿನಿಂದ ಹೊರಡುತ್ತದೆ. ಪ್ಯಾಡ್‌ಗೆ ಅದು ಚೆಂದ, ಬೇಸ್‌ಗೆ ಕೇಡು. ಸೊನ್ನೆಗೆ ತಂದ ಮೇಲೆ ಪ್ರತಿ ಹೊಡೆತವೂ ಒಂದೇ ತೂಕದಲ್ಲಿ ಬೀಳುತ್ತದೆ.

ಈಗ ಸೈಡ್‌ಚೈನ್, ಅಂದರೆ ಒಂದು ದನಿ ಬಂದಾಗ ಇನ್ನೊಂದನ್ನು ತಗ್ಗಿಸುವುದು. 60,000ವನ್ನು 124ರಿಂದ ಭಾಗಿಸಿದರೆ ಒಂದು ಬೀಟ್‌ಗೆ 484 ಮಿಲಿಸೆಕೆಂಡ್, ಅದರ ಕಾಲು ಭಾಗ 121. ಬೇಸ್ ಮೇಲೆ ಕಂಪ್ರೆಸರ್ ಹಾಕಿ, ಸೈಡ್‌ಚೈನ್‌ಗೆ ಕಿಕ್ ಕೊಟ್ಟು, ಅಟ್ಯಾಕ್ 1 ಮಿಲಿಸೆಕೆಂಡ್, ರಿಲೀಸ್ 120ರಿಂದ ಶುರು ಮಾಡಿ, ಗೇನ್ ರಿಡಕ್ಷನ್ 6ರಿಂದ 8 ಡಿಬಿ. ಬೇರೆ ವೇಗದ ಹಾಡಿನ ವಿಡಿಯೋದಿಂದ ರಿಲೀಸ್ ಎತ್ತಿಕೊಳ್ಳುವುದಾದರೆ ಅಂಕಿಯನ್ನಲ್ಲ, ಈ ಭಾಗಾಕಾರವನ್ನು ಎತ್ತಿಕೊಳ್ಳಿ. ರಿಲೀಸ್ 10–15ಕ್ಕೆ ಇಳಿಸಿದರೆ ಕಂಪ್ರೆಸರ್ ಅಲೆಯ ಒಂದೊಂದು ಸುತ್ತನ್ನೂ ಬೆನ್ನಟ್ಟತೊಡಗಿ ಬೇಸ್ ಕರಕರ ಎನ್ನುತ್ತದೆ. 400 ದಾಟಿಸಿದರೆ ಬೇಸ್ ಮೇಲೇಳುವಷ್ಟರಲ್ಲಿ ಮುಂದಿನ ಕಿಕ್ ಬಂದಿರುತ್ತದೆ, ಟ್ರ್ಯಾಕ್ ಸೊರಗುತ್ತದೆ. ಬೇಸ್ ಅದುಮುವ ಕ್ಷಣದಲ್ಲಿ ‘ಟಿಕ್’ ಕೇಳಿದರೆ ಅಟ್ಯಾಕ್ 3ಕ್ಕೆ ಏರಿಸಿ.

ಇಷ್ಟೆಲ್ಲ ಮಾಡಿಯೂ ಕಾರಿನಲ್ಲಿ ಕೇಳಿದರೆ ಬೇಸ್ ಬೊಬ್ಬಿರಿಯುತ್ತಿದೆ ಅನ್ನಿ. ಆಗ ನೋಡಬೇಕಾದ್ದು ನಿಮ್ಮ ಕೋಣೆ. ನಮ್ಮ ಮನೆಗಳ ಹತ್ತಡಿ-ಹತ್ತಡಿ ರೂಮಿನಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ ಅಲೆ ನಿಂತುಬಿಡುತ್ತದೆ. ಸೂರೂ ಹತ್ತಡಿಯಿದ್ದರೆ ಮೂರೂ ದಿಕ್ಕಿನ ಅನುರಣನ ಒಂದೇ ಕಡೆ ರಾಶಿ ಬೀಳುತ್ತದೆ, ಅದೂ ಕಿಕ್ ಇರುವ ಆಸುಪಾಸಿನಲ್ಲೇ. ಗೋಡೆಯ ಹತ್ತಿರ ಅದು ಗುಡುಗುತ್ತದೆ, ಕೋಣೆಯ ನಟ್ಟನಡುವೆ ಮಾಯವಾಗುತ್ತದೆ. ನಡುವೆ ಕುರ್ಚಿ ಹಾಕಿದವರು ಬೇಸ್ ಸಾಲದೆಂದು ಏರಿಸುತ್ತಾರೆ. ಕಾರಿನ ಗೋಳಿಗೆ ಅದೇ ಮೂಲ. ಅಮೆರಿಕದ ಸ್ಟುಡಿಯೋ ವಿಡಿಯೋಗಳಲ್ಲಿ ಹಿಂದೆ ಕಾಣುವ ಗೋಡೆ ಎಷ್ಟೋ ಸಲ ಜಿಪ್ಸಂ ಹಲಗೆಯದು. ಅದು ಅದುರಿ ಒಂದಿಷ್ಟು ಬೇಸ್ ನುಂಗಿಕೊಳ್ಳುತ್ತದೆ, ಇಟ್ಟಿಗೆ-ಕಾಂಕ್ರೀಟು ನುಂಗುವುದಿಲ್ಲ. ಒಂದಿಂಚಿನ ಫೋಮ್ ಶೀಟ್ ಅಂಟಿಸಿದರೆ ಹೈಹ್ಯಾಟ್ ಮಂಕಾಗುತ್ತದೆಯೇ ಹೊರತು ಏಳು ಮೀಟರಿನಷ್ಟು ಉದ್ದದ 50 ಹರ್ಟ್ಜ್ ಅಲೆಗೆ ಅದು ಗೊತ್ತೇ ಆಗುವುದಿಲ್ಲ. ಎದುರಿನ ಗೋಡೆಯಿಂದ ಸುಮಾರು ಮೂರೂ ಮುಕ್ಕಾಲು ಅಡಿ, ಅಂದರೆ ಉದ್ದದ ಶೇ. 38ರ ಜಾಗದಲ್ಲಿ ತಲೆ ಇರುವಂತೆ ಕೂತು ನೋಡಿ, ಅಲ್ಲಿಂದ ಅಷ್ಟಿಷ್ಟು ಹಿಂದೆ ಮುಂದೆ ಸರಿಯಿರಿ. 80 ಹರ್ಟ್ಜ್‌ಗಿಂತ ಕೆಳಗಿನ ತೀರ್ಮಾನಗಳನ್ನು ವೈರ್ ಇರುವ ಹೆಡ್‌ಫೋನ್‌ನಲ್ಲೇ ಮಾಡಿ.

ವಿಡಿಯೋ ನೋಡುವುದೂ ಅದೇ ಹೆಡ್‌ಫೋನ್‌ನಲ್ಲಿ ಆಗಲಿ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ 50 ಹರ್ಟ್ಜ್ ಬರುವುದೇ ಇಲ್ಲ. ಸಬ್ ಬೇಸ್ ಪಾಠವನ್ನು ಬಸ್ಸಿನಲ್ಲಿ ಫೋನ್ ಹಿಡಿದು ನೋಡಿದವರು ನೋಡಿದ್ದು ಬರೀ ನಾಬ್‌ಗಳನ್ನು. ‘ಮೊದಲು’ ಮತ್ತು ‘ಆಮೇಲೆ’ ಎಂದು ಹೋಲಿಸಿ ತೋರಿಸುವಾಗ ಕಣ್ಣು ಮುಚ್ಚಿ. ಒಂದು ಡಿಬಿ ಜೋರಾದದ್ದು ಕಿವಿಗೆ ‘ಉತ್ತಮ’ವಾಗಿಯೇ ಕೇಳುತ್ತದೆ, ಪ್ಲಗಿನ್ ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಅದೇ ಪ್ಲಗಿನ್ ಹಾಕಿ, ಔಟ್‌ಪುಟ್ ಇಳಿಸಿ ಎರಡನ್ನೂ ಸಮ ಜೋರಿಗೆ ತಂದು ಕೇಳಿದರೆ ಅರ್ಧ ಮಾಯೆ ಅಲ್ಲೇ ಕರಗುತ್ತದೆ. ಹೋಲಿಕೆಗೆ ಇಟ್ಟುಕೊಂಡ ರೆಫರೆನ್ಸ್ ಹಾಡಿಗೂ ಇದೇ ನಿಯಮ. ಮಾಸ್ಟರ್ ಆದ ಹಾಡು ಮೈನಸ್ 8 ಎಲ್‌ಯುಎಫ್‌ಎಸ್ (ಒಟ್ಟಾರೆ ಜೋರಿನ ಅಳತೆ), ನಿಮ್ಮ ಮಿಕ್ಸ್ ಮೈನಸ್ 18 ಎಂದಾದರೆ ಆ ಹಾಡನ್ನು 10 ಡಿಬಿ ಇಳಿಸಿದ ಮೇಲೆಯೇ ಹೋಲಿಕೆ. ಸ್ಪಾಟಿಫೈನ ಮೈನಸ್ 14 ಎಂಬುದು ಅವರು ಹಾಡು ನುಡಿಸುವ ಮಟ್ಟ. ಅದನ್ನೇ ಗುರಿ ಮಾಡಿಕೊಂಡು ಮಿಕ್ಸ್ ಮಾಡಬೇಕಿಲ್ಲ.

ಕನ್ನಡ ಹಾಡಿಗೆ ಇಂಗ್ಲಿಷ್ ವೋಕಲ್ ಪಾಠ ಅನ್ವಯಿಸುವಾಗ ಒಂದು ಎಡವಟ್ಟು ಇದ್ದದ್ದೇ. ಇಂಗ್ಲಿಷ್‌ನಲ್ಲಿ ಎಷ್ಟೋ ಪದ ವ್ಯಂಜನದಲ್ಲಿ ಕಡಿದು ನಿಲ್ಲುತ್ತವೆ, ಆ ತೆರಪಿನಲ್ಲಿ ರಿವರ್ಬ್ (ದನಿಯ ಹಿಂದೆ ಉಳಿಯುವ ಮಾರ್ದನಿ) ಚೆಂದ ಕಾಣುತ್ತದೆ. ನಮ್ಮ ಪದಗಳು ಸ್ವರದಲ್ಲಿ ಮುಗಿದು ಮುಂದಿನ ಪದಕ್ಕೆ ಹರಿಯುತ್ತವೆ. ಜತೆಗೆ ಒತ್ತಕ್ಷರ. ‘ಹತ್ತು’ ಎನ್ನುವಾಗ ತ್ತ ಸಿಡಿಯುವ ಮುಂಚೆ ಒಂದು ಪುಟ್ಟ ಮೌನವಿದೆ, ಒತ್ತು ಕೇಳಿಸುವುದೇ ಆ ಮೌನದಿಂದ. ಎರಡೂವರೆ ಸೆಕೆಂಡಿನ ರಿವರ್ಬ್ ಅದನ್ನು ತುಂಬಿಬಿಟ್ಟರೆ ಸಾಹಿತ್ಯ ಮಸುಕಾಗುತ್ತದೆ. ಡಿಕೇ (ರಿವರ್ಬ್ ಆರುವ ಸಮಯ) 1.2 ಸೆಕೆಂಡಿನ ಹತ್ತಿರ ತನ್ನಿ, ಪ್ರಿಡಿಲೇ (ಅದು ಶುರುವಾಗುವ ಮುಂಚಿನ ತಡ) 30 ಮಿಲಿಸೆಕೆಂಡ್, ರಿವರ್ಬ್ ಚಾನಲ್‌ನಲ್ಲಿ 250 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ. ಆಮೇಲೆ ರಿವರ್ಬ್ ಮೇಲೊಂದು ಕಂಪ್ರೆಸರ್ ಹಾಕಿ ಸೈಡ್‌ಚೈನ್‌ಗೆ ಮೂಲ ದನಿ ಕೊಡಿ, ರಿಲೀಸ್ 250 ಮಿಲಿಸೆಕೆಂಡಿನಷ್ಟು: ಹಾಡುವಾಗ ರಿವರ್ಬ್ ತಗ್ಗಿ, ಸಾಲು ಮುಗಿದಾಗ ಅರಳುತ್ತದೆ. ರಿಲೀಸ್ ತೀರಾ ಚುರುಕಾದರೆ ಅದೇ ಪುಟ್ಟ ಮೌನದಲ್ಲೇ ರಿವರ್ಬ್ ಮೇಲೆದ್ದು ‘ಹತ್ತು’ ಮತ್ತೆ ಕಲಸಿಹೋಗುತ್ತದೆ.