ತಿಂದ ಕೂಡಲೇ ಟಾಯ್ಲೆಟ್‌ಗೆ ಓಡಬೇಕು ಅನ್ನಿಸುವುದು ಯಾಕೆ?

ಪ್ರಶ್ನೆ: ಬೆಳಿಗ್ಗೆ ತಿಂಡಿ ತಿಂದು ಕೈ ತೊಳೆಯುವಷ್ಟರಲ್ಲಿ ಹೊಟ್ಟೆ ಅವಸರ ಮಾಡುತ್ತದೆ. ತಿಂದದ್ದು ಮೈಗೆ ಹತ್ತದೆ ಹಾಗೇ ಹೊರಗೆ ಹೋಗ್ತಿದೆಯಾ?

ಉತ್ತರ: ಇಲ್ಲ. ಹೊರಗೆ ಹೋಗಿದ್ದು ಈಗ ತಿಂದದ್ದಲ್ಲ, ನಿನ್ನೆಯದೋ ಮೊನ್ನೆಯದೋ. ಅನುಮಾನ ಇದ್ದರೆ ಒಂದು ದಿನ ಮೆಕ್ಕೆಜೋಳ ತಿಂದು ನೋಡಿ. ಕಾಳಿನ ಸಿಪ್ಪೆ ನಮ್ಮ ಹೊಟ್ಟೆಯಲ್ಲಿ ಅರಗುವುದಿಲ್ಲ. ಹಳದಿ ಬಣ್ಣದಲ್ಲೇ ಹೊರಗೆ ಬರುತ್ತದೆ, ಆದರೆ ಸಾಮಾನ್ಯವಾಗಿ ಮಾರನೇ ದಿನವೋ ಅದರ ಮಾರನೇ ದಿನವೋ.

ಲೆಕ್ಕ ಹಾಕಿ. ಊಟ ಜಠರದಲ್ಲೇ ಕೆಲವು ಗಂಟೆ ಇರುತ್ತದೆ. ಅಲ್ಲಿಂದ ಸಣ್ಣ ಕರುಳು ದಾಟಲು ಇನ್ನೂ 3ರಿಂದ 6 ಗಂಟೆ ಬೇಕು. ಸತ್ವವನ್ನು ಹೀರಿಕೊಳ್ಳುವ ಮುಖ್ಯ ಕೆಲಸ ಅಲ್ಲೇ ಮುಗಿಯುತ್ತದೆ, ಹಾಗಾಗಿ ಮೈಗೆ ಹತ್ತುವುದಿಲ್ಲ ಅನ್ನುವ ಭಯ ಬೇಡ. ಉಳಿದದ್ದು ಹೊಟ್ಟೆಯ ಬಲಭಾಗದ ಕೆಳಗಡೆ, ಅಪೆಂಡಿಕ್ಸ್ ನೇತಾಡುವ ಜಾಗದ ಹತ್ತಿರ, ಒಂದು ವಾಲ್ವ್ ದಾಟಿ ದೊಡ್ಡ ಕರುಳಿಗೆ ಇಳಿಯುತ್ತದೆ.

ದೊಡ್ಡ ಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ಬಲಗಡೆ ಮೇಲಕ್ಕೆ ಏರಿ, ಹೊಟ್ಟೆಗೆ ಅಡ್ಡವಾಗಿ ಎಡಕ್ಕೆ ಹೋಗಿ, ಎಡಗಡೆ ಕೆಳಕ್ಕೆ ಇಳಿಯುತ್ತದೆ. ಆಮೇಲೆ ಎಸ್ ಆಕಾರದ ಒಂದು ತಿರುವು, ಕೊನೆಗೆ ಗುದನಾಳ. ಗೋಡೆಯ ಉದ್ದಕ್ಕೂ ಸ್ನಾಯುವಿನ ಮೂರು ಪಟ್ಟಿಗಳಿವೆ. ಅವು ಕರುಳಿನಷ್ಟು ಉದ್ದ ಇಲ್ಲ. ಅದಕ್ಕೇ ಕರುಳು ನೆರಿಗೆ ಹಿಡಿದು ಸಾಲಾಗಿ ಉಬ್ಬಿಕೊಂಡಿರುತ್ತದೆ.

ಇಲ್ಲಿ ಎಲ್ಲಾ ನಿಧಾನ. ದಿನಕ್ಕೆ ಸುಮಾರು 1.5 ಲೀಟರ್ ತೆಳ್ಳಗಿನ ಗಂಜಿಯಂಥ ಪದಾರ್ಥ ಒಳಗೆ ಬರುತ್ತದೆ. ಅದರಲ್ಲಿ ಮಲದ ಜೊತೆ ಹೊರಗೆ ಹೋಗುವ ನೀರು ಬರೀ 100ರಿಂದ 200 ಮಿಲಿಲೀಟರ್. ಉಳಿದ ನೀರನ್ನು, ಉಪ್ಪಿನಂಶದ ಜೊತೆ, ಕರುಳು ವಾಪಸ್ ರಕ್ತಕ್ಕೆ ಸೇರಿಸುತ್ತದೆ. ಇನ್ನು ಇಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಲಕ್ಷಾಂತರ ಕೋಟಿ. ನಮ್ಮಿಂದ ಅರಗಿಸಿಕೊಳ್ಳಲು ಆಗದ ನಾರನ್ನು ಇವು ತಿಂದು ಒಂದು ಬಗೆಯ ಆಮ್ಲ ಬಿಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ! ಗ್ಯಾಸ್ ಕೂಡ ಹೆಚ್ಚಾಗಿ ಇವುಗಳದ್ದೇ ಕೊಡುಗೆ. ಅದರ ಬಹುಪಾಲಿಗೆ ವಾಸನೆಯೇ ಇಲ್ಲ, ಕೆಟ್ಟ ಹೆಸರು ತರುವುದು ಚೂರೇ ಚೂರು ಗಂಧಕದ ಅನಿಲ.

ಈಗ ನಿಮ್ಮ ಅವಸರಕ್ಕೆ ಬರೋಣ. ದೊಡ್ಡ ಕರುಳು ದಿನದ ಬಹುಪಾಲು ಒಳಗಿರುವುದನ್ನು ಅಲ್ಲಲ್ಲೇ ಕಲಸುತ್ತಾ ಕೂತಿರುತ್ತದೆ. ದಿನಕ್ಕೆ ಒಂದೆರಡು ಸಲ, ಹೆಚ್ಚೆಂದರೆ ಮೂರು ಸಲ, ಉದ್ದಕ್ಕೆ ಹಿಂಡಿ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಕರೆ ಬರುವುದು ಜಠರದಿಂದ. ಜಠರ ತುಂಬಿ ಹಿಗ್ಗಿದ ಕೂಡಲೇ ನರಗಳ ಮೂಲಕ, ಹಾರ್ಮೋನ್‌ಗಳ ಮೂಲಕ ಸುದ್ದಿ ಕೆಳಗೆ ಮುಟ್ಟುತ್ತದೆ. ಸಾಲಿನ ಹಿಂದೆ ಹೊಸಬರು ಬಂದು ಸೇರಿದಾಗ, ‘ಸ್ವಲ್ಪ ಮುಂದೆ ಸರಿಯಿರಿ’ ಅಂತಾರಲ್ಲ, ಹಾಗೆ. ಎದ್ದ ಮೇಲೆ ಕರುಳಿನ ಚಟುವಟಿಕೆ ಹೇಗೂ ಹೆಚ್ಚಿರುತ್ತದೆ, ಅದಕ್ಕೇ ಬೆಳಗಿನ ತಿಂಡಿಯ ನಂತರ ಇದು ಜೋರು. ಕೂಸುಗಳಲ್ಲಂತೂ ಹಾಲು ಕುಡಿಯುತ್ತಿರುವಾಗಲೇ ಬಟ್ಟೆ ಒದ್ದೆ!

ತಳ್ಳಿದ್ದು ಗುದನಾಳಕ್ಕೆ ಬಂದು, ಅದರ ಗೋಡೆ ಹಿಗ್ಗಿದಾಗಲೇ ನಮಗೆ ‘ಹೋಗಬೇಕು’ ಅನ್ನಿಸುವುದು. ಬಾಗಿಲಲ್ಲಿ ಎರಡು ಉಂಗುರದಂಥ ಸ್ನಾಯುಗಳಿವೆ. ಒಳಗಿನದು ನಮ್ಮನ್ನು ಕೇಳದೆ ತಾನೇ ಸಡಿಲವಾಗುತ್ತದೆ. ಹೊರಗಿನದು ಮಾತ್ರ ನಮ್ಮ ಮಾತು ಕೇಳುತ್ತದೆ. ಮೀಟಿಂಗ್ ಇದೆ ಅಂತ ಬಿಗಿ ಹಿಡಿದರೆ ಸ್ವಲ್ಪ ಹೊತ್ತಿಗೆ ಅವಸರ ಅಡಗುತ್ತದೆ. ಆದರೆ ಮಲ ಒಳಗೇ ಇದ್ದಷ್ಟು ಹೊತ್ತು ಕರುಳು ಅದರಿಂದ ನೀರು ಹೀರುತ್ತಲೇ ಇರುತ್ತದೆ. ದಿನಾ ಹೀಗೆ ಸುಮ್ನೆ ಮುಂದೂಡುತ್ತಾ ಹೋದರೆ ಮಲ ಗಟ್ಟಿಯಾಗಿ ಮಲಬದ್ಧತೆ ಶುರುವಾಗುತ್ತದೆ. ನನ್ನ ಮಟ್ಟಿಗೆ, ತಿಂಡಿ ಆದ ಮೇಲಿನ ಆ ಕರೆಗೆ ಹತ್ತು ನಿಮಿಷ ಕೊಡುವುದು ಯಾವ ಚೂರ್ಣಕ್ಕಿಂತಲೂ ಒಳ್ಳೆಯದು.

ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ. ಕೆಲವರಿಗೆ ಈ ಪ್ರತಿಕ್ರಿಯೆ ಜಾಸ್ತಿಯಾಗಿ, ಪ್ರತಿ ಊಟಕ್ಕೂ ಹೊಟ್ಟೆ ನುಲಿದು ತೆಳ್ಳಗೆ ಹೋಗುತ್ತದೆ. ಐಬಿಎಸ್ (ಕರುಳು ಬೇಗ ಕೆರಳುವ ತೊಂದರೆ) ಇದ್ದವರಲ್ಲಿ ಇದು ಸಾಮಾನ್ಯ, ಡಾಕ್ಟರಿಗೆ ತೋರಿಸಿದರೆ ಹತೋಟಿಗೆ ತರಬಹುದು. ಆದರೆ ಮಲದಲ್ಲಿ ರಕ್ತ ಕಂಡರೆ, ಕಾರಣ ಇಲ್ಲದೆ ತೂಕ ಇಳಿದರೆ, ಭೇದಿ ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಇಷ್ಟು ದಿನದ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾಗಿ ವಾರಗಟ್ಟಲೆ ಹಾಗೇ ಇದ್ದರೆ ತಡ ಮಾಡಬೇಡಿ. ನಾಚಿಕೊಂಡು ಇಂಥದ್ದನ್ನು ಮುಚ್ಚಿಡುವವರೇ ಜಾಸ್ತಿ, ಡಾಕ್ಟರಿಗೆ ಇದು ದಿನನಿತ್ಯದ ಮಾತು.